ಹೋರಿ ಗುದ್ದಿದ ಹೆರಾಲ್ಡಿಗೆ ಬೆಲೆ ಕಟ್ಟಿದ್ದು

ಕೌದಿ ಹೊಲಿಸಲು ಕೊಡೋಣವೆಂದು ನನ್ನ ಹಳೆಯ ಹತ್ತಿ ಸೀರೆಗಳನ್ನು ಹುಡುಕುತ್ತಿದ್ದೆ. ಬೀರುವಿನಲ್ಲಿರಲಿಲ್ಲ, ಅಟ್ಟದ ಮೇಲಿನ ಟ್ರಂಕಿನಲ್ಲೂ ಇರಲಿಲ್ಲ. ಕೊನೆಗೆ ಸಿಕ್ಕಿದ್ದು ಕಾರಿನ ಶೆಡ್ಡಿನಲ್ಲಿ. ನಾನು ಮೊದಲ ಸಲ ಹೆಡ್‌ಮಿಸ್ಟ್ರೆಸ್ ಕುರ್ಚಿಯಲ್ಲಿ ಕೂತ ದಿನ ಉಟ್ಟಿದ್ದ ತಿಳಿಹಸಿರು ಸೀರೆ ಚೌಕ ಚೌಕವಾಗಿ ಹರಿದು, ಪಾಲಿಷಿನ ವಾಸನೆ ಹೊಡೆಯುತ್ತ, ಖಾಲಿ ಎಣ್ಣೆ ಡಬ್ಬಿಯಲ್ಲಿ ಮಡಚಿ ಕೂತಿತ್ತು. ಅಷ್ಟು ನೀಟಾಗಿ ಆ ಸೀರೆಯನ್ನು ನಾನೇ ಎಂದೂ ಮಡಚಿಟ್ಟವಳಲ್ಲ.

"ಏನ್ರೀ ಇದು?" ಎಂದೆ.

"ಮೆತ್ತಗಿರುತ್ತೆ ಕಣೇ. ಗೀರು ಬೀಳಲ್ಲ," ಎಂದರು ನಮ್ಮನೆಯವರು. ಮಾತಿನಲ್ಲಿ ಅಪರಾಧದ ಸುಳಿವೂ ಇರಲಿಲ್ಲ. ಸೀರೆಗೆ ಇಂಥ ಒಳ್ಳೆಯ ಗತಿ ಕಾಣಿಸಿದ್ದಕ್ಕೆ ನಾನೇ ಉಪಕಾರ ಸ್ಮರಿಸಬೇಕು ಎಂಬ ಧಾಟಿ.

ನಮ್ಮನೆಯವರ ಹೆಸರು ಮಹೇಶ್ವರಪ್ಪ. ಕಡೂರಿನಲ್ಲಿ ಕೊಬ್ಬರಿ ವ್ಯಾಪಾರ. ಜನರ ಮುಖ ನೋಡಿ ಅವರ ಚೀಲದೊಳಗಿನ ಕೊಬ್ಬರಿ ಎಂಥದ್ದೆಂದು ಹೇಳಬಲ್ಲರು, ಹೆಂಡತಿಯ ಮುಖ ನೋಡಿ ಏನನ್ನೂ ಹೇಳಲಾರರು. ಅವರ ಬಳಿ ಒಂದು ಹೆರಾಲ್ಡ್ ಕಾರಿದೆ. ಈಗಿನ ಹುಡುಗರಿಗೆ ಆ ಹೆಸರೇ ಗೊತ್ತಿರಲಾರದು. ನಾನು ಲಂಗ ಉಟ್ಟು ಓಡಾಡುತ್ತಿದ್ದ ಕಾಲದಲ್ಲಿ ಅಲ್ಲೊಂದು ಇಲ್ಲೊಂದು ಕಾಣುತ್ತಿದ್ದ ಪುಟ್ಟ ಕಾರು. ಅದರ ವಿಶೇಷವೆಂದರೆ ಬಾನೆಟ್ಟು. ಬೇರೆ ಕಾರುಗಳಲ್ಲಿ ಮುಚ್ಚಳವಷ್ಟೇ ಏಳುತ್ತದೆ. ಇದರಲ್ಲಿ ದೀಪ, ಮಡ್‌ಗಾರ್ಡು ಎಲ್ಲ ಸೇರಿ ಇಡೀ ಮೂತಿಯೇ ಮುಂದಕ್ಕೆ ಬಾಗುತ್ತದೆ, ಮೊಸಳೆ ಬಾಯಿ ತೆರೆದ ಹಾಗೆ. ಬಣ್ಣ ನೇರಳೆ ಹಣ್ಣಿನದು. ನಮ್ಮನೆಯವರು ಅದನ್ನು ಎಷ್ಟು ತಿಕ್ಕಿಟ್ಟಿದ್ದಾರೆಂದರೆ, ಮದುವೆ ಮನೆಗಳ ಮುಂದೆ ನಿಲ್ಲಿಸಿದರೆ ಹೆಂಗಸರು ಅದರಲ್ಲಿ ನೋಡಿಕೊಂಡು ಹಣೆಯ ಬೊಟ್ಟು ಸರಿಮಾಡಿಕೊಳ್ಳುತ್ತಾರೆ.

ಈ ಹೊಳಪೇ ಮುಂದೆ ನಮಗೆ ಮುಳುವಾಯಿತು.

ನನ್ನ ಮೈದುನನ ಮಗಳು ಅಕ್ಷತಾಗೆ ಅಜ್ಜಂಪುರದ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ, ಹುಡುಗಿ ಆಗಲೇ ಫೋನಿನಲ್ಲಿ ಮಾತಾಡಿ ಮೆಚ್ಚಿಕೊಂಡಿದ್ದರು. ಹಿರಿಯರು ಗಂಡಿನ ಮನೆ ನೋಡಿ ಬರುವುದಷ್ಟೇ ಬಾಕಿ. ಮೈದುನ ತನ್ನ ಕಾರಿನಲ್ಲಿ ಹೋಗೋಣವೆಂದ. ನಮ್ಮನೆಯವರು ಬಿಡಬೇಕಲ್ಲ! "ಹೆಣ್ಣಿನ ಕಡೆಯೋರು ಅಂದ್ರೆ ಒಂದು ಗತ್ತು ಬೇಡ್ವೇನಯ್ಯಾ?" ಎಂದು ಬೆಳಿಗ್ಗೆ ಕೋಳಿ ಕೂಗುವ ಮೊದಲೇ ಹೆರಾಲ್ಡಿನ ಮೈ ತಿಕ್ಕಲು ಕೂತರು. ಬೀರೂರು ದಾಟಿ ಅಜ್ಜಂಪುರ ಮುಟ್ಟುವವರೆಗೆ ಹಿಂದಿನಿಂದ ಬಂದ ಎಲ್ಲ ವಾಹನಗಳಿಗೂ ದಾರಿ ಬಿಟ್ಟುಕೊಟ್ಟೆವು. ಒಂದು ಟ್ರ್ಯಾಕ್ಟರಿಗೂ ಕೂಡ.

ಗಂಡಿನ ತಂದೆ ಓಂಕಾರಪ್ಪನವರದು ಊರಾಚೆಯ ತೋಟದ ಮನೆ. ದೊಡ್ಡ ಅಂಗಳ. ಕಾರನ್ನು ಎಲ್ಲರಿಗೂ ಕಾಣುವಂತೆ ಅಂಗಳದ ನಟ್ಟನಡುವೆ ನಿಲ್ಲಿಸಿ ನಾವು ಒಳಗೆ ಹೋದೆವು. ಕೇಸರಿಬಾತು ಬಂತು, ಖಾರದ ಅವಲಕ್ಕಿ ಬಂತು. ಮಾತು ಆ ಮಠ, ಈ ಮಠ, ಯಾರ ಅಜ್ಜಿ ಯಾರಿಗೆ ಚಿಕ್ಕಮ್ಮ ಎಂದು ಸುತ್ತಿಕೊಂಡು ಹುಡುಗನ ವಿಷಯಕ್ಕೆ ಬರುವಷ್ಟರಲ್ಲಿ, ಹೊರಗೆ ಧಡಾರ್ ಎಂದಿತು.

ಓಂಕಾರಪ್ಪನವರ ಬಳಿ ಒಂದು ಅಮೃತಮಹಲ್ ಹೋರಿಯಿತ್ತು. ಹೆಸರು ಸರ್ದಾರ. ನೀರು ಕುಡಿಸಿ ಕೊಟ್ಟಿಗೆಗೆ ತರುವಾಗ ಅದು ಅಂಗಳದಲ್ಲಿ ಇನ್ನೊಂದು ಹೋರಿಯನ್ನು ಕಂಡಿತು. ಹೆರಾಲ್ಡಿನ ಹೊಳೆಯುವ ಮೂತಿಯಲ್ಲಿ ಅದೇ ಕೊಂಬು, ಅದೇ ಭುಜ, ಅದೇ ದುರುಗುಟ್ಟುವ ಕಣ್ಣು. ಸರ್ದಾರ ಬುಸುಗುಟ್ಟಿದ್ದಕ್ಕೆ ಎದುರಾಳಿಯೂ ಬುಸುಗುಟ್ಟಿತಂತೆ. ತಲೆ ತಗ್ಗಿಸಿದರೆ ಅದೂ ತಗ್ಗಿಸಿತಂತೆ. ಇಷ್ಟಾದ ಮೇಲೆ ಯಾವ ಮರ್ಯಾದಸ್ಥ ಹೋರಿ ಸುಮ್ಮನಿರುತ್ತದೆ? ನಾವು ಹೊರಗೆ ಓಡಿ ಬರುವಾಗ ಅದು ಮತ್ತೆ ಗುದ್ದುತ್ತಿತ್ತು. ಒಂದು ದೀಪ ಪುಡಿಯಾಗಿತ್ತು. ಬಾನೆಟ್ಟು ಸೊಟ್ಟಗಾಗಿ ಕೀಲಿನಿಂದ ಕಳಚಿಕೊಂಡಿತ್ತು. ರೇಡಿಯೇಟರಿನಿಂದ ನೀರು ಸುರಿಯುತ್ತಿತ್ತು. ಹಗ್ಗ ಹಿಡಿದು ಎಳೆದು ದೂರ ಕಟ್ಟಿದ ಮೇಲೂ ಸರ್ದಾರ ಕತ್ತೆತ್ತಿ ನೋಡುತ್ತಿತ್ತು, ಇನ್ನೂ ಏಳುತ್ತಾನೇನೋ ಎಂಬಂತೆ.

ಬೇರೆ ಯಾರಾದರೂ ಆ ಕಾರಿಗೆ ಬೆರಳಿನ ಗುರುತು ಮಾಡಿದ್ದರೂ ನಮ್ಮನೆಯವರು ಅವರ ಏಳು ತಲೆಮಾರನ್ನು ಎಳೆದು ತರುತ್ತಿದ್ದರು. ಆದರೆ ಇದು ಗಂಡಿನ ಮನೆಯ ಹೋರಿ.

ಓಂಕಾರಪ್ಪನವರು ಕೈ ಹಿಸುಕಿಕೊಳ್ಳುತ್ತ, "ಏನ್ ಅನ್ಯಾಯ ಆಗೋಯ್ತು ಬೀಗರೇ!" ಎಂದರು.

"ಏನಿಲ್ಲ ಬಿಡಿ," ಎಂದರು ನಮ್ಮನೆಯವರು. "ಸ್ವಲ್ಪ ತಗ್ಗು ಬಿದ್ದಿದೆ ಅಷ್ಟೇ. ಹಳೇ ಗಾಡಿ." ಮುಖದಲ್ಲಿ ನಗು ಇತ್ತು. ಕಣ್ಣಿನಲ್ಲಿ ರೇಡಿಯೇಟರಿಗಿಂತ ಹೆಚ್ಚು ನೀರಿತ್ತು. ಬಳಿಕ ಮತ್ತೆ ಒಳಗೆ ಬಂದು ಕೂತು ಇನ್ನೊಂದು ತಟ್ಟೆ ಕೇಸರಿಬಾತು ತಿಂದರು. ಅಣ್ಣನ ಆ ತ್ಯಾಗವನ್ನು ನನ್ನ ಮೈದುನ ಈಗಲೂ ನೆನೆಯುತ್ತಾನೆ.

ಕಾರು ಸಾಮಾನು ಸಾಗಿಸುವ ಲಾರಿಯಲ್ಲಿ ಕಡೂರಿಗೆ ಬಂತು, ಮಂಜಣ್ಣನ ಗ್ಯಾರೇಜಿಗೆ ಸೇರಿತು. ಇನ್ನು ವಿಮೆಯ ಮಾತು. ನಮ್ಮ ಏಜೆಂಟರು ಗುರುಮೂರ್ತಿ ಬಂದು, "ಹೆಂಗಾಯ್ತು ಅಂತ ಬರೀಬೇಕು ಸಾರ್," ಎಂದರು.

ನಮ್ಮನೆಯವರು ಯೋಚಿಸಿದರು. ಹೋರಿ ಎಂದು ಬರೆದರೆ ಕಂಪನಿಯವರು ಹೋರಿ ಯಾರದೆಂದು ಕೇಳುತ್ತಾರೆ. ಓಂಕಾರಪ್ಪನವರ ಮನೆಗೆ ನೋಟೀಸು ಹೋಗುತ್ತದೆ. ಇನ್ನೂ ತಾಂಬೂಲ ಬದಲಾಗಿಲ್ಲ, ಆಗಲೇ ಬೀಗರ ಮೇಲೆ ತಕರಾರು! ಹುಡುಗಿಯ ಬಾಳಿಗೇ ಕಲ್ಲು.

"ಗೋಡೆಗೆ ಗುದ್ದಿದ್ದು ಅಂತ ಬರ್ಕೊಳ್ಳಿ," ಎಂದರು.

"ಸುಳ್ಳು ಯಾಕ್ರೀ ಬರೆಸ್ತೀರಾ?" ಎಂದೆ.

"ನಿಂಗೆ ಗೊತ್ತಾಗಲ್ಲ ಸುಮ್ನಿರೇ. ಗೋಡೆ ಯಾರ ಮೇಲೂ ಸಿಟ್ಟು ಮಾಡ್ಕೊಳ್ಳಲ್ಲ."

ನಷ್ಟದ ಲೆಕ್ಕ ಹಾಕಲು ಸರ್ವೇಯರ್ ಬಂದರು. ಫರ್ಹಾನಾ ಎಂದು ಹೆಸರು, ತರೀಕೆರೆಯ ಹುಡುಗಿ. ಎಂಜಿನಿಯರಿಂಗ್ ಓದಿದವಳು. ನಾನು ಹುಟ್ಟಿ ಬೆಳೆದದ್ದೂ ತರೀಕೆರೆಯಲ್ಲೇ ಆದ್ದರಿಂದ, ಗ್ಯಾರೇಜಿನಲ್ಲಿ ನಾವಿಬ್ಬರೂ ಮೊದಲು ಯಾವ ಬೀದಿ, ಯಾರ ಮನೆ ಎಂದು ವಿಚಾರಿಸಿಕೊಂಡೆವು. ಬಳಿಕ ಅವಳು ಬಾನೆಟ್ಟಿನ ಮುಂದೆ ಕುಕ್ಕುರುಗಾಲಿನಲ್ಲಿ ಕೂತಳು. ಬೆರಳಾಡಿಸಿದಳು. ಮೂಲೆಯಲ್ಲಿ ಅಂಟಿಕೊಂಡಿದ್ದ ಏನನ್ನೋ ಚಿಮುಟಿ ತೆಗೆದು ಬೆಳಕಿಗೆ ಹಿಡಿದಳು. ಬೂದು ಬಣ್ಣದ ಕೂದಲು.

"ಸಾರ್," ಎಂದಳು, ಬಹಳ ವಿನಯದಿಂದ. "ಈ ಗೋಡೆಗೆ ಕೊಂಬಿತ್ತಾ?"

ಮಂಜಣ್ಣ ಸ್ಪ್ಯಾನರ್ ಹುಡುಕುವ ನೆಪದಲ್ಲಿ ಆ ಕಡೆ ತಿರುಗಿದ. ನಮ್ಮನೆಯವರು ಕೆಮ್ಮಿದರು. ನನಗಂತೂ ನಗು ತಡೆಯಲಾಗಲಿಲ್ಲ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೇ ನಡೆದದ್ದನ್ನೆಲ್ಲ ಹೇಳಿಬಿಟ್ಟೆ, ಸಂಬಂಧದ ವಿಷಯವನ್ನೂ ಸೇರಿಸಿ. ಫರ್ಹಾನಾ ಕೇಳಿಸಿಕೊಂಡು ತಲೆಯಾಡಿಸಿದಳು.

"ಸುಳ್ಳು ಬರೆದಿದ್ದು ಗೊತ್ತಾದ್ರೆ ಒಂದು ಪೈಸೆನೂ ಬರಲ್ಲ ಸಾರ್. ನಿಜ ಬರೆದು ಬೇರೆ ಅರ್ಜಿ ಕೊಡಿ. ಹೋರಿ ಯಜಮಾನರ ಕೈಲಿ 'ಹೌದು, ಹಿಂಗಾಯ್ತು' ಅಂತ ಒಂದು ಮಾತು ಬರೆಸ್ಕೊಂಡು ಬನ್ನಿ. ನೀವೇ ಹೋಗಿ ಹೇಳಿ, ನೋಟೀಸು ಹೋಗಿ ಗೊತ್ತಾಗೋದಕ್ಕಿಂತ ವಾಸಿ ಅಲ್ವಾ?"

ಹೀಗೆ ನಾವು ಮತ್ತೆ ಅಜ್ಜಂಪುರಕ್ಕೆ ಹೊರಟೆವು, ಈ ಸಲ ಬಸ್ಸಿನಲ್ಲಿ. ದಾರಿಯುದ್ದಕ್ಕೂ ನಮ್ಮನೆಯವರು ಹೇಗೆ ಮಾತು ಆರಂಭಿಸುವುದೆಂದು ತುಟಿಯಲ್ಲೇ ಅಭ್ಯಾಸ ಮಾಡುತ್ತಿದ್ದರು. ಕೊಬ್ಬರಿ ಹರಾಜಿನಲ್ಲಿ ಎಂಥೆಂಥವರನ್ನೋ ಮಾತಿನಲ್ಲಿ ಮಣಿಸಿದ ಮನುಷ್ಯ, ಓಂಕಾರಪ್ಪನವರ ಜಗಲಿಯ ಮೇಲೆ ಕೂತು ಎರಡು ಲೋಟ ಮಜ್ಜಿಗೆ ಕುಡಿದ ಮೇಲೂ ಮಳೆ, ಬೆಳೆ, ಬೋರ್‌ವೆಲ್ಲಿನ ಆಚೆಗೆ ದಾಟಲಿಲ್ಲ. ಕೊನೆಗೆ ನಾನೇ ಹೇಳಿದೆ. ಮೊದಲು ಗೋಡೆ ಎಂದು ಬರೆಸಿದ್ದನ್ನೂ ಮುಚ್ಚಿಡಲಿಲ್ಲ.

ಓಂಕಾರಪ್ಪನವರ ಮುಖ ಕೆಂಪಾಯಿತು. ಹೋಯಿತು, ಸಂಬಂಧ ಮುರಿಯಿತು ಎಂದುಕೊಂಡೆ.

"ಏನಂದ್ರಿ? ನಮ್ ಸರ್ದಾರ ಗುದ್ದಿದ್ದನ್ನ ಗೋಡೆ ಅಂತ ಬರೆಸಿದ್ರಾ?"

"ತಪ್ಪಾಯ್ತು ಬೀಗರೇ..." ಎಂದರು ನಮ್ಮನೆಯವರು.

"ತಪ್ಪೇ ಕಣ್ರೀ! ಸುತ್ತ ಹತ್ತೂರಲ್ಲಿ ಇಂಥ ಹೋರಿ ಇಲ್ಲ. ಅದು ಗುದ್ದಿದ್ದನ್ನ ಸುಣ್ಣದ ಗೋಡೆಗೆ ಕೊಟ್ಬಿಟ್ರಲ್ಲ! ಕೊಡ್ರಿ ಇಲ್ಲಿ ಪೆನ್ನು." ಅವರು ಬರೆದದ್ದು ಒಂದು ಮಾತಲ್ಲ, ಸರ್ದಾರನ ವಂಶಾವಳಿ. ತಾಯಿ ಯಾರು, ತಂದೆ ಯಾವ ಊರಿನಲ್ಲಿ ಬಹುಮಾನ ಗೆದ್ದಿದ್ದ, ಗುದ್ದುವಾಗ ಯಾವ ಕೊಂಬು ಮೊದಲು ತಾಗಿತು, ಎಲ್ಲ. ನಷ್ಟ ತುಂಬಿಕೊಡಲು ತಾವು ತಯಾರೆಂದೂ ಕೊನೆಗೆ ಸೇರಿಸಿದರು. ನಮ್ಮನೆಯವರು ಅದೊಂದು ಸಾಲನ್ನು ಹಟಮಾಡಿ ಹೊಡೆಸಿಹಾಕಿದರು.

ಪೆನ್ನಿನ ಮುಚ್ಚಳ ಹಾಕುತ್ತ ಓಂಕಾರಪ್ಪನವರು ಮೆತ್ತಗೆ ಕೇಳಿದರು: "ನಮ್ ಮರ್ಯಾದೆಗೆ ಅಂತ ತಾನೇ ಗೋಡೆ ಅಂದಿದ್ದು?"

ನಮ್ಮನೆಯವರು ನೆಲ ನೋಡಿದರು.

"ಮದುವೆ ಮಾತು ಮುಂದುವರಿಸೋಣ," ಎಂದರು ಓಂಕಾರಪ್ಪನವರು. "ಬಾಯಿಬಿಟ್ಟು ಸುಳ್ಳು ಹೇಳೋಕೂ ಬರದ ಜನ ನೀವು. ನಮಗೆ ಹೊಂದ್ತೀರಾ."

ಎಲ್ಲ ಸುಖವಾಗಿ ಮುಗಿಯಿತೆನ್ನುವಾಗ ಅವರು ಇನ್ನೊಂದು ಮಾತು ಹೇಳಿದರು. ಸರ್ದಾರನಿಗೂ ವಿಮೆಯಿದೆ, ಕಿವಿಗೆ ವಿಮೆಯ ನಂಬರಿನ ಓಲೆ ಹೊಡೆಸಿದ್ದಾರೆ ಎಂದು. ಎಷ್ಟಕ್ಕೆ ಎಂದು ನಮ್ಮನೆಯವರು ವ್ಯಾಪಾರಿಯ ಕುತೂಹಲಕ್ಕೆ ಕೇಳಿದರು. ಓಂಕಾರಪ್ಪನವರು ಹೇಳಿದರು. ನಮ್ಮನೆಯವರು ಎದ್ದುಹೋಗಿ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಹೋರಿಯನ್ನು ಬಹಳ ಹೊತ್ತು ನೋಡಿದರು. ಅವರ ಹೆರಾಲ್ಡಿಗೆ ವಿಮೆಯ ಪತ್ರದಲ್ಲಿ ಬರೆಸಿದ್ದ ಬೆಲೆ ಅದರ ಅರ್ಧಕ್ಕೂ ಬರುತ್ತಿರಲಿಲ್ಲ.

ಬರೆಸಿದವರು ಯಾರು? ಅವರೇ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮನೆಗೆ ಬಂದ ನೆಂಟರ ಮುಂದೆ ನಮ್ಮನೆಯವರು, "ಇದಕ್ಕೆ ಬೆಲೆ ಕಟ್ಟೋ ಮಗ ಇನ್ನೂ ಹುಟ್ಟಿಲ್ಲ," ಎನ್ನುತ್ತಾರೆ. ವರ್ಷಕ್ಕೊಮ್ಮೆ ಗುರುಮೂರ್ತಿ ವಿಮೆ ನವೀಕರಿಸಲು ಬಂದಾಗ, ಅದೇ ಬಾಯಿಂದ, "ಹಳೇ ಡಬ್ಬ ಕಣಯ್ಯಾ. ಗುಜರಿಗೆ ಹಾಕಿದ್ರೆ ಎಷ್ಟು ಬರುತ್ತೋ ಅಷ್ಟು ಬರ್ಕೋ," ಎನ್ನುತ್ತಾರೆ. ಬರೆಸುವ ಬೆಲೆ ಕಡಿಮೆಯಾದಷ್ಟೂ ಕಟ್ಟುವ ಪ್ರೀಮಿಯಂ ಕಡಿಮೆ. ವರ್ಷ ವರ್ಷವೂ ಕಾರಿನ ಹೊಳಪು ಏರುತ್ತಿತ್ತು, ಕಾಗದದ ಮೇಲಿನ ಬೆಲೆ ಇಳಿಯುತ್ತಿತ್ತು. ಎರಡರಲ್ಲೂ ಅವರಿಗೆ ಸಮಾನ ಸಂತೋಷ.

ಫರ್ಹಾನಾ ಮತ್ತೆ ಗ್ಯಾರೇಜಿಗೆ ಬಂದು ಕೂತಳು. ಮಂಜಣ್ಣ ಕೊಟ್ಟಿದ್ದ ರಿಪೇರಿ ಅಂದಾಜನ್ನೂ ವಿಮೆಯ ಪತ್ರವನ್ನೂ ಅಕ್ಕಪಕ್ಕ ಇಟ್ಟಳು.

"ರಿಪೇರಿ ಖರ್ಚು, ಬರೆಸಿದ ಬೆಲೆಯ ಮುಕ್ಕಾಲು ಭಾಗ ದಾಟಿದ್ರೆ ಕಂಪನಿ ಲೆಕ್ಕದಲ್ಲಿ ಗಾಡಿ ಹೋದಂಗೇ ಸಾರ್. ಟೋಟಲ್ ಲಾಸ್ ಅಂತೀವಿ. ಇಲ್ಲಿ ಬರೆಸಿದ ಬೆಲೆಯನ್ನೇ ದಾಟಿಹೋಗಿದೆ."

"ಹೋದಂಗೆ ಅಂದ್ರೆ?"

"ಬರೆಸಿದಷ್ಟು ದುಡ್ಡು ಕೊಟ್ಟು ಗಾಡಿ ಅವರು ತಗೋತಾರೆ. ಗುಜರಿಗೆ ಹೋಗುತ್ತೆ."

ನಮ್ಮನೆಯವರು ಸ್ಟೂಲಿನ ಮೇಲೆ ಕೂತರು. ಬಳಿಕ ತರೀಕೆರೆ, ಶಿವಮೊಗ್ಗದಲ್ಲಿ ಈ ಕಾರನ್ನು ಕಂಡು ಫೋಟೋ ತೆಗೆಸಿಕೊಂಡವರ ಹೆಸರು ಹೇಳತೊಡಗಿದರು. ಕೊಳ್ಳಲು ಬಂದವರಿಗೆ ಬಾಗಿಲಿನಿಂದಲೇ ಕೈ ಮುಗಿದದ್ದನ್ನು ಹೇಳಿದರು. ಫರ್ಹಾನಾ ತಾಳ್ಮೆಯಿಂದ ಕೇಳಿದಳು.

"ನಿಮ್ಮ ಕಾರಿಗೆ ಬೆಲೆ ಇದೆ ಸಾರ್, ಇಲ್ಲ ಅನ್ನಲ್ಲ. ಆದ್ರೆ ನೀವೇ ಇಲ್ಲ ಅಂತ ಬರೆದು ಸಹಿ ಹಾಕಿದೀರಲ್ಲ!" ಅವಳು ಅಂದಾಜಿನ ಮೇಲೆ ಕಣ್ಣಾಡಿಸಿ ಹುಬ್ಬೇರಿಸಿದಳು. "ಇದೇನು ಮಂಜಣ್ಣ, ಹೊಸ ಬಾನೆಟ್ಟು, ಹೊಸ ರೇಡಿಯೇಟರು, ಹೊಸ ಸೀಟು? ಹೋರಿ ಸೀಟಿನ ಮೇಲೂ ಕೂತಿತ್ತಾ?"

"ಸಾಹುಕಾರ್ರೇ ಎಲ್ಲಾ ಹೊಸದು ಹಾಕು ಅಂದ್ರು ಮೇಡಂ," ಎಂದ ಮಂಜಣ್ಣ. "ಹೆಂಗೂ ಇನ್ಷೂರೆನ್ಸ್ ಕೊಡುತ್ತಲ್ಲ ಅಂತ."

"ಬೆಲೆ ಬರೆಸೋವಾಗ ಗುಜರಿ. ರಿಪೇರಿ ಬರೆಸೋವಾಗ ಅರಮನೆ ಗಾಡಿ," ಎಂದಳು ಫರ್ಹಾನಾ.

ನಮ್ಮನೆಯವರು ಸ್ಟೂಲಿನಿಂದ ಎದ್ದರು. ಬಾನೆಟ್ಟಿನ ಸೊಟ್ಟಗಾದ ತುದಿಯನ್ನು ಅಂಗೈಯಿಂದ ಸವರುತ್ತ, "ಎಲ್ಲಿ ಸಹಿ ಹಾಕ್ಬೇಕು ಹೇಳಮ್ಮ. ನನ್ನ ಬುದ್ಧಿಗೆ ಇಷ್ಟೇ," ಎಂದರು. ಮದುವೆಯಾದ ಇಷ್ಟು ವರ್ಷಗಳಲ್ಲಿ ಅವರನ್ನು ಎಷ್ಟು ಗೇಲಿ ಮಾಡಿದ್ದೇನೋ ಲೆಕ್ಕವಿಲ್ಲ. ಆದರೆ ಅವರು ತಮ್ಮನ್ನು ತಾವೇ ಗೇಲಿ ಮಾಡಿಕೊಂಡದ್ದು ನನಗೆ ಹಿಡಿಸಲಿಲ್ಲ.

"ಸಹಿ ಹಾಕ್ಬೇಡಿ," ಎಂದೆ.

ಎಲ್ಲರೂ ನನ್ನನ್ನು ನೋಡಿದರು. ಆ ಕಾರನ್ನು ನಾನು ಡಬ್ಬ, ಸವತಿ, ಪೆಟ್ರೋಲ್ ಕುಡುಕ ಎಂದೆಲ್ಲ ಕರೆಯುವುದು ಕಡೂರಿಗೇ ಗೊತ್ತು. ಗೊತ್ತಿಲ್ಲದ ಒಂದು ಸಂಗತಿಯಿದೆ. ನಮ್ಮನೆಯವರಿಗೂ ಗೊತ್ತಿರಲಿಲ್ಲ. ನಿಮಗೆ ಹೇಳುತ್ತೇನೆ.

ನಾನು ಎರಡನೆಯ ಕ್ಲಾಸಿನಲ್ಲಿದ್ದಾಗ ಮೂಗಿನೊಳಗೆ ಹುಣಿಸೆ ಬೀಜ ಹಾಕಿಕೊಂಡೆ. ಯಾಕೆ ಎಂದು ಕೇಳಬೇಡಿ, ಹಾಕಿಕೊಳ್ಳುವಷ್ಟು ದೊಡ್ಡ ಮೂಗಿತ್ತು, ಬೀಜವಿತ್ತು. ಅಪ್ಪ ನನ್ನನ್ನು ಎತ್ತಿಕೊಂಡು ತರೀಕೆರೆಯ ಡಾಕ್ಟರಮ್ಮನ ಬಳಿಗೆ ಓಡಿದರು. ಅವರು ಚಿಮಟ ಹಾಕಿದಷ್ಟೂ ಬೀಜ ಒಳಗೆ ಸರಿಯಿತು. ಭದ್ರಾವತಿಯ ಆಸ್ಪತ್ರೆಗೇ ಹೋಗಬೇಕೆಂದು ಡಾಕ್ಟರಮ್ಮ ತಮ್ಮ ಕಾರನ್ನೇ ತೆಗೆದರು. ನೇರಳೆ ಬಣ್ಣದ ಹೆರಾಲ್ಡು. ತರೀಕೆರೆಯಲ್ಲಿ ಕಾರು ಓಡಿಸುತ್ತಿದ್ದ ಹೆಂಗಸು ಅವರೊಬ್ಬರೇ. ಅವರು ಬೀದಿಯಲ್ಲಿ ಹೋದರೆ ಅಂಗಡಿಯವರು ತೂಕ ನಿಲ್ಲಿಸಿ ನೋಡುತ್ತಿದ್ದರು. ಅಪ್ಪನನ್ನು ಹಿಂದೆ ಕೂರಿಸಿ, ನನ್ನನ್ನು ತಮ್ಮ ಪಕ್ಕದಲ್ಲಿ ಕೂರಿಸಿಕೊಂಡರು. ಕಾರಿನೊಳಗೆ ಡೆಟಾಲು, ಮಲ್ಲಿಗೆ, ಬಿಸಿಲಿಗೆ ಕಾದ ಸೀಟು ಸೇರಿದ ವಾಸನೆಯಿತ್ತು. ಅಷ್ಟೂ ಮೂಗಿನ ಒಂದೇ ಹೊಳ್ಳೆಯಿಂದ ಬಂದದ್ದು. ಊರು ದಾಟುವಾಗ ಗುಂಡಿಯೊಂದರಲ್ಲಿ ಕಾರು ಎಗರಿತು, ನಾನು ಸೀನಿದೆ, ಬೀಜ ಹಾರಿ ಟಪ್ಪೆಂದು ಮುಂದಿನ ಗಾಜಿಗೆ ಬಡಿಯಿತು.

ಡಾಕ್ಟರಮ್ಮ ಕಾರು ನಿಲ್ಲಿಸಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಪ್ಪ, "ಇಲ್ಲೇ ಇಳ್ಕೋತೀವಿ ತಾಯಿ," ಎಂದರು. "ಹೊರಟಿದ್ದು ಹೊರಟಾಯ್ತು," ಎಂದು ಡಾಕ್ಟರಮ್ಮ ನಮ್ಮನ್ನು ಲಿಂಗದಹಳ್ಳಿ ರಸ್ತೆಯಲ್ಲಿ ದೂರದವರೆಗೆ ಸುತ್ತಿಸಿ ತಂದರು. ನನ್ನ ಕೈಯನ್ನು ಸ್ಟೇರಿಂಗ್ ಮೇಲೆ ಇಟ್ಟುಕೊಂಡರು. ಒಂದು ಹೆಂಗಸು ಹೇಳಿದ ಕಡೆಗೆ ಇಷ್ಟು ದೊಡ್ಡ ವಸ್ತು ತಿರುಗುತ್ತದೆ ಎನ್ನುವುದು ನನಗೆ ಅಂದು ಗೊತ್ತಾಯಿತು. ಹೆಡ್‌ಮಿಸ್ಟ್ರೆಸ್ ಆದಾಗ ಅದು ಬಹಳ ಉಪಯೋಗಕ್ಕೆ ಬಂತು.

ಎಷ್ಟೋ ವರ್ಷಗಳ ಮೇಲೆ ನಮ್ಮನೆಯವರು ತರೀಕೆರೆಯಿಂದ ಧೂಳು ಹಿಡಿದ ಕಾರೊಂದನ್ನು ಎಳೆಸಿಕೊಂಡು ಬಂದರು. ಯಾರೋ ಡಾಕ್ಟರ ಅಣ್ಣನ ಮಗ ಮಾರಿದನೆಂದರು. ನಾನು ಬಾಗಿಲು ತೆರೆದು ಒಳಗೆ ಮೂಗು ಹಾಕಿದೆ. ಇಲಿಯ ವಾಸನೆಯ ಅಡಿಯಲ್ಲಿ ಎಲ್ಲೋ ಆ ಕಾದ ಸೀಟಿನ ವಾಸನೆ. ಹೇಳಬಹುದಿತ್ತು. ಹೇಳಿದ್ದರೆ ಆ ಹುಣಿಸೆ ಬೀಜವನ್ನು ಊರಿಗೆಲ್ಲ ಹಂಚಿರುತ್ತಿದ್ದರು. "ದುಡ್ಡು ಹೆಚ್ಚಾಗಿತ್ತಾ?" ಎಂದಷ್ಟೇ ಕೇಳಿ ಒಳಗೆ ಹೋಗಿದ್ದೆ.

ಗ್ಯಾರೇಜಿನಲ್ಲಿ ಇದ್ಯಾವುದನ್ನೂ ನಾನು ಹೇಳಲಿಲ್ಲ. "ಮಂಜಣ್ಣ, ಇದನ್ನ ತಟ್ಟಿ ಸರಿಮಾಡೋಕಾಗಲ್ವಾ?" ಎಂದೆ.

"ಆಗುತ್ತೆ ಅಕ್ಕ. ಟೈಮ್ ಹಿಡಿಯುತ್ತೆ. ರೇಡಿಯೇಟರೂ ಬೆಸುಗೆ ಹಾಕಬೌದು."

"ಹಂಗಾದ್ರೆ ಹೊಸದನ್ನೆಲ್ಲ ಹೊಡೆದುಹಾಕಿ ಬೇರೆ ಅಂದಾಜು ಬರೀರಿ. ಹೋರಿ ಮುಟ್ಟಿದ್ದನ್ನ ಮಾತ್ರ."

ಮಂಜಣ್ಣ ಬರೆದ. ಫರ್ಹಾನಾ ಒಂದೊಂದನ್ನೂ ಕಾರಿನ ಮೇಲೆ ಬೆರಳಿಟ್ಟು ತಾಳೆ ನೋಡಿದಳು. ಮುಕ್ಕಾಲಿನ ಗೆರೆಗಿಂತ ಕೂದಲೆಳೆಯಷ್ಟು ಕೆಳಗೆ ನಿಂತಿತು. "ಉಳೀತು," ಎಂದಳು. ಬಂದ ಹಣವೂ ಹಾಗೇ ಕೂದಲೆಳೆಯಷ್ಟಿತ್ತು. ಹಳೆಯ ಗಾಡಿಯೆಂದು ಅದರಲ್ಲಿ ಇಷ್ಟು ಕಳೆ, ಇದರಲ್ಲಿ ಅಷ್ಟು ಕಳೆ ಎಂದು, ಬಾಕಿಯನ್ನು ನಾವೇ ತುಂಬಬೇಕಾಯಿತು. ಮಂಜಣ್ಣ "ನಾಳೆ ಬನ್ನಿ, ನಾಡಿದ್ದು ಬನ್ನಿ" ಎನ್ನುತ್ತ ತಿಂಗಳುಗಟ್ಟಲೆ ತಟ್ಟಿದ. ಅಕ್ಷತಾಳ ಮದುವೆಗೂ ಕಾರು ತಯಾರಾಗಲಿಲ್ಲ. ನಾವು ಬಾಡಿಗೆ ವ್ಯಾನಿನಲ್ಲಿ ಹೋಗಿ ಧಾರೆ ಎರೆದು ಬಂದೆವು.

ಕಾರು ಮನೆಗೆ ಬಂದು ಕೆಲವು ದಿನಗಳಾಗಿತ್ತು, ಗುರುಮೂರ್ತಿ ನವೀಕರಣಕ್ಕೆ ಬಂದರು. ಇಂಥ ಹಳೆಯ ಕಾರುಗಳಿಗೆ ಪರಿಣತರಿಂದ ಬೆಲೆ ಕಟ್ಟಿಸಿ, ಎರಡೂ ಕಡೆಯವರು ಒಪ್ಪಿ, ಮೊದಲೇ ಬರೆದಿಡುವ ಪದ್ಧತಿಯಿದೆ ಎಂದು ಫರ್ಹಾನಾ ಹೇಳಿಕೊಟ್ಟಿದ್ದಳು. ಅದರಂತೆ ಶಿವಮೊಗ್ಗದಿಂದ ಬಂದು ನೋಡಿದ ಪರಿಣತರು ಇಷ್ಟರಿಂದ ಇಷ್ಟರವರೆಗೆ ಎಂದು ಒಂದು ಅಂದಾಜು ಬರೆದುಕೊಟ್ಟಿದ್ದರು.

"ಎಷ್ಟು ಹಾಕ್ಲಿ ಸಾರ್?" ಎಂದರು ಗುರುಮೂರ್ತಿ.

ನಮ್ಮನೆಯವರು ಬಾಯಿ ತೆರೆದರು, ಮುಚ್ಚಿದರು. "ಇವಳನ್ನ ಕೇಳಿ," ಎಂದರು.

ನಾನು ಕಾಫಿ ತಟ್ಟೆ ಇಡುತ್ತ, ಪರಿಣತರು ಬರೆದಿದ್ದರಲ್ಲಿ ಮೇಲಿನ ತುದಿಯ ಬೆಲೆ ಹೇಳಿದೆ. ಗುರುಮೂರ್ತಿಯ ಪೆನ್ನು ನಿಂತಿತು.

"ಏ, ಅಷ್ಟೊಂದಾ? ಪ್ರೀಮಿಯಂ ಎಷ್ಟಾಗುತ್ತೆ ಗೊತ್ತೇನೇ?" ಎಂದು ನಮ್ಮನೆಯವರು ಅರ್ಧ ಎದ್ದರು. ನಾನು ಕಾಫಿ ಲೋಟವನ್ನು ಅವರ ಕಡೆಗೆ ಸರಿಸಿದೆ. ಅವರು ಮತ್ತೆ ಕೂತು, "ಬರ್ಕೊಳ್ಳಯ್ಯಾ. ಅವಳು ಹೇಳಿದ್ದೇ ಬರ್ಕೋ," ಎಂದರು.

ಗುರುಮೂರ್ತಿ ಹೋದ ಮೇಲೆ ಅವರು ನನ್ನನ್ನು ಹೊಸಬಳನ್ನು ನೋಡುವಂತೆ ನೋಡಿದರು.

"ನಿನ್ನ ಲೆಕ್ಕದಲ್ಲಿ ಆ ಕಾರಿಗೆ ಅಷ್ಟು ಬೆಲೆ ಇದ್ಯಾ? ಇಷ್ಟು ವರ್ಷ ಬಾಯೇ ಬಿಡ್ಲಿಲ್ವಲ್ಲೇ."

"ನೀವ್ಯಾವತ್ತು ಕೇಳಿದ್ರಿ?"

ಅವರು ನನ್ನ ಕಡೆಗೊಂದು ಕುರ್ಚಿ ಎಳೆದು, "ಈಗ ಕೇಳ್ತಿದೀನಿ. ಹೇಳು," ಎಂದರು.

ತಣ್ಣಗಾಗಿದ್ದ ಕಾಫಿಯನ್ನು ಬಿಸಿ ಮಾಡಿಕೊಂಡು ಬಂದು ಕೂತೆ.